ಇಲ್ಲದ ತಟ್ಟೆಗಳ ಲೆಕ್ಕ

ಪುಣೆಯ ವಿದ್ಯಾಪೀಠ ವೃತ್ತದ ಗದ್ದಲ ದಾಟಿ ಪಾಷಾಣ್ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಆವರಣ ಸಿಗುತ್ತದೆ. ಊರವರ ಬಾಯಲ್ಲಿ ಅದು ಬರೀ ಎನ್‌ಸಿಎಲ್. 1950ರ ಜನವರಿ 3ರಂದು ನೆಹರೂ ಅದನ್ನು ಉದ್ಘಾಟಿಸಿದಾಗ ಅದರ ಮೊದಲ ನಿರ್ದೇಶಕರಾಗಿದ್ದವರು ಭಾರತೀಯರಲ್ಲ. ಕೆನಡಾದಲ್ಲಿ ಹುಟ್ಟಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆಸರು ಮಾಡಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಹೇಳಿ ಮುಗಿಸಿದ್ದ ಜೇಮ್ಸ್ ವಿಲಿಯಂ ಮೆಕ್‌ಬೇನ್. ಆಗ ಅವರಿಗೆ 67 ವರ್ಷ. ಆ ವಯಸ್ಸಿನಲ್ಲಿ ಹೊಸ ದೇಶದ ಹೊಸ ಪ್ರಯೋಗಾಲಯ ಕಟ್ಟಲು ಬಂದ ಈ ಮನುಷ್ಯ ರಸಾಯನಶಾಸ್ತ್ರಕ್ಕೆ ಎರಡು ಪದಗಳನ್ನು ಕೊಟ್ಟಿದ್ದರು. ಎರಡೂ ಈ ಲೇಖನಕ್ಕೆ ಬೇಕಾದವೇ.

ಮೊದಲನೆಯದು ‘ಸಾರ್ಪ್ಷನ್’. ಇದ್ದಿಲು ಹೈಡ್ರೋಜನ್ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನಿಲ ಇದ್ದಿಲಿನ ಮೈಮೇಲೆ ಅಂಟಿಕೊಂಡಿದೆಯೋ, ಒಳಗೆ ಇಳಿದು ಹೋಗಿದೆಯೋ? ಮೆಕ್‌ಬೇನ್ ನೋಡಿದಾಗ ಎರಡೂ ನಡೆದಿದ್ದವು: ಒಂದಷ್ಟು ಅನಿಲ ತಟ್ಟನೆ ಅಂಟುತ್ತಿತ್ತು, ಉಳಿದದ್ದು ನಿಧಾನವಾಗಿ ಒಳಗಿಳಿಯುತ್ತಿತ್ತು. ಎರಡಕ್ಕೂ ಸೇರಿ ಒಂದು ಹೆಸರು ಬೇಕೆಂದು 1909ರಲ್ಲಿ ಅವರು ಆ ಪದ ಮಾಡಿದರು. ಕನ್ನಡದಲ್ಲಿ ‘ಹೀರಿಕೆ’ ಎಂದರೆ ಕೆಲಸ ನಡೆಯುತ್ತದೆ. ನಮ್ಮ ಮಾತು ಮೊದಲಿಂದಲೂ ಈ ಭೇದದ ಗೊಡವೆಗೆ ಹೋಗಿಲ್ಲ. ಎರಡನೆಯದು ‘ಮಾಲಿಕ್ಯುಲಾರ್ ಸೀವ್’, ಅಂದರೆ ಅಣುಗಳ ಜರಡಿ. ಕೆಲವು ಖನಿಜಗಳೊಳಗಿನ ಕಿಂಡಿಗಳು ಎಷ್ಟು ಸಣ್ಣವೆಂದರೆ, ತೆಳ್ಳಗಿನ ಅಣು ನುಸುಳುತ್ತದೆ, ದಪ್ಪನೆಯದು ಹೊರಗೇ ನಿಲ್ಲುತ್ತದೆ. ಈ ಖನಿಜಗಳ ಕುಲದ ಹೆಸರು ಜಿಯೊಲೈಟ್. ಅದು ಪುಣೆಯಲ್ಲಿ ಮತ್ತೆ ಬರುತ್ತದೆ, ಮೆಕ್‌ಬೇನ್ ಹೋಗಿ ಬಹಳ ವರ್ಷಗಳಾದ ಮೇಲೆ.

ಒಂದು ವಸ್ತು ಹೆಚ್ಚು ಅಂಟುತ್ತದೆ, ಇನ್ನೊಂದು ಕಡಿಮೆ ಎಂದಾದರೆ ಅವೆರಡನ್ನು ಬೇರೆ ಮಾಡಬಹುದು. ಶಾಲೆಯಲ್ಲಿ ಸೀಮೆಸುಣ್ಣದ ಬುಡಕ್ಕೆ ಶಾಯಿಯ ಚುಕ್ಕಿಯಿಟ್ಟು ನೀರಿನ ತಟ್ಟೆಯಲ್ಲಿ ನಿಲ್ಲಿಸಿದವರಿಗೆ ಇದು ಗೊತ್ತು. ನೀರು ಏರುತ್ತಾ ಹೋದಂತೆ ಕಪ್ಪು ಶಾಯಿ ನೀಲಿಯಾಗಿ, ನೇರಳೆಯಾಗಿ ಒಡೆಯುತ್ತದೆ. ರಷ್ಯದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆಟ್ 1903ರ ಹೊತ್ತಿಗೆ ವಾರ್ಸಾದಲ್ಲಿ ಇದನ್ನೇ ಎಲೆಯ ಬಣ್ಣಗಳ ಮೇಲೆ ಮಾಡಿ, 1906ರಲ್ಲಿ ‘ಕ್ರೊಮೆಟೊಗ್ರಫಿ’ ಎಂದು ಕರೆದ. ಬಣ್ಣದ ಬರಹ ಎಂದು ಅರ್ಥ. ಆಮೇಲೆ ಇಪ್ಪತ್ತೈದು ವರ್ಷ ಹೆಚ್ಚಿನವರು ಅತ್ತ ತಿರುಗಿ ನೋಡಲಿಲ್ಲ.

ನಿರ್ಲಕ್ಷ್ಯಕ್ಕೆ ಒಂದು ಕಾರಣ, ಅದು ಕಣ್ಣಳತೆಯ ವಿದ್ಯೆಯಾಗಿದ್ದದ್ದು ಎಂದು ನನ್ನ ಲೆಕ್ಕ. ಬಣ್ಣ ಬೇರೆಯಾದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊಳವೆ ಎಷ್ಟುದ್ದ ಇರಬೇಕು, ದ್ರವ ಎಷ್ಟು ವೇಗವಾಗಿ ಹರಿಯಬೇಕು, ಬರುವ ದ್ರವವನ್ನು ಯಾವ ಗಳಿಗೆಯಲ್ಲಿ ಬೇರೆ ಪಾತ್ರೆಗೆ ತಿರುಗಿಸಬೇಕು ಎಂದು ಮೊದಲೇ ಹೇಳುವ ದಾರಿ ಇರಲಿಲ್ಲ. ಆ ದಾರಿ ತೆರೆದದ್ದು ಇಂಗ್ಲೆಂಡಿನ ಲೀಡ್ಸ್‌ನ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ, ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅವರಿಂದ.

ಮಾರ್ಟಿನ್ ಹುಡುಗನಾಗಿದ್ದಾಗ ಮನೆಯ ನೆಲಮಾಳಿಗೆಯಲ್ಲಿ ಕಾಫಿ ಡಬ್ಬಿಗಳನ್ನು ಒಂದರ ಮೇಲೊಂದು ಬೆಸೆದು ಐದಡಿ ಎತ್ತರದ ಭಟ್ಟಿ ಗೋಪುರ ಕಟ್ಟಿದ್ದವನು. ಭಟ್ಟಿ ಗೋಪುರದಲ್ಲಿ ನಿಜವಾಗಿಯೂ ತಟ್ಟೆಗಳಿರುತ್ತವೆ: ಒಂದೊಂದು ತಟ್ಟೆಯಲ್ಲೂ ಆವಿ ಮತ್ತು ದ್ರವ ಕೂಡಿ, ತಮ್ಮ ಪಾಲು ಹಂಚಿಕೊಂಡು, ಆವಿ ಮೇಲಕ್ಕೆ, ದ್ರವ ಕೆಳಕ್ಕೆ ಹೋಗುತ್ತವೆ. ತಟ್ಟೆ ಹೆಚ್ಚಿದಷ್ಟೂ ಬೇರ್ಪಡಿಕೆ ಚೊಕ್ಕ. ಉಣ್ಣೆಯ ಅಮೈನೊ ಆಮ್ಲಗಳನ್ನು ಬೇರೆ ಮಾಡಲು ಮಾರ್ಟಿನ್ ಮತ್ತು ಸಿಂಜ್ ಮೊದಲು ಎರಡು ದ್ರವಗಳನ್ನು ಎದುರುಬದುರು ಹರಿಸುವ ಯಂತ್ರ ಕಟ್ಟಿ ಒದ್ದಾಡಿದರು. ಕೊನೆಗೆ ಹೊಳೆಯಿತು: ಎರಡನ್ನೂ ಏಕೆ ಓಡಿಸಬೇಕು? ಒಂದನ್ನು ನಿಲ್ಲಿಸಿಬಿಡೋಣ. ಸಿಲಿಕಾ ಪುಡಿಯಲ್ಲಿ ನೀರನ್ನು ಹಿಡಿಸಿ ಕೊಳವೆಗೆ ತುಂಬಿ, ಮೇಲಿಂದ ಕ್ಲೋರೋಫಾರ್ಮ್ ಹರಿಸಿದರು. ಕೆಲಸ ಆಯಿತು.

1941ರ ಅವರ ಪ್ರಬಂಧದ ಹೆಚ್ಚುಗಾರಿಕೆ ಆ ಕೊಳವೆಗಿಂತ ಅದರ ಲೆಕ್ಕದಲ್ಲಿದೆ. ಪುಡಿ ತುಂಬಿದ ಕೊಳವೆಯಲ್ಲಿ ತಟ್ಟೆಗಳಿಲ್ಲ. ಮಾರ್ಟಿನ್‌ಗೆ ಇದು ಚೆನ್ನಾಗಿ ಗೊತ್ತು. ಆದರೂ ಇವೆ ಎಂದುಕೊಳ್ಳೋಣ ಎಂದರು.

ಊರ ಜಾತ್ರೆಯ ರಥಬೀದಿಯನ್ನು ನೆನೆಸಿಕೊಳ್ಳಿ. ಎರಡು ಗುಂಪುಗಳು ಒಟ್ಟಿಗೇ ಬೀದಿಯ ಒಳಗೆ ಬಂದಿವೆ. ಒಂದು ಗುಂಪಿನವರು ಮಕ್ಕಳೊಂದಿಗರು. ಬತ್ತಾಸು, ಬಳೆ, ಪೀಪಿ, ಎಲ್ಲ ಅಂಗಡಿಯಲ್ಲೂ ನಿಲ್ಲುತ್ತಾರೆ. ಇನ್ನೊಂದು ಗುಂಪಿಗೆ ದೇವರ ದರ್ಶನ ಮುಗಿಸಿ ಬಸ್ ಹಿಡಿಯಬೇಕಾಗಿದೆ. ಬೀದಿ ಉದ್ದವಿದ್ದಷ್ಟೂ ಎರಡು ಗುಂಪಿನ ನಡುವಿನ ಅಂತರ ಹೆಚ್ಚುತ್ತದೆ. ಆದರೆ ಒಂದೇ ಗುಂಪಿನವರೂ ಚದುರುತ್ತಾರೆ: ಒಬ್ಬರು ಒಂದು ಅಂಗಡಿ ಹೆಚ್ಚು ನಿಂತರು, ಇನ್ನೊಬ್ಬರು ಒಂದು ಕಡಿಮೆ. ಹಾಗಾದರೆ ಎರಡು ಗುಂಪು ಪೂರ್ತಿ ಬೇರೆಯಾಗಲು ಬೀದಿ ಎಷ್ಟುದ್ದ ಬೇಕು? ಬೀದಿಯನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನಲ್ಲೂ ಇಂತಿಷ್ಟು ಪಾಲು ಜನ ನಿಲ್ಲುತ್ತಾರೆ, ಇಂತಿಷ್ಟು ಪಾಲು ಮುಂದೆ ಹೋಗುತ್ತಾರೆ ಎಂದು ಎಣಿಸುತ್ತಾ ಹೋದರೆ ಉತ್ತರ ಸಿಗುತ್ತದೆ. ಆ ತುಂಡುಗಳೇ ಮಾರ್ಟಿನ್‌ನ ತಟ್ಟೆಗಳು. ಎಣಿಕೆಯಿಂದ ಬಂದ ಫಲಿತಾಂಶ ಇದು: ಗುಂಪುಗಳ ನಡುವಿನ ಅಂತರ ಬೀದಿಯ ಉದ್ದದಷ್ಟೇ ಬೆಳೆಯುತ್ತದೆ, ಗುಂಪಿನೊಳಗಿನ ಚದುರು ಉದ್ದದ ವರ್ಗಮೂಲದಷ್ಟು ಮಾತ್ರ. ಅಂದರೆ ಬೇರ್ಪಡಿಕೆ ಎರಡು ಪಟ್ಟು ಚೊಕ್ಕವಾಗಬೇಕಾದರೆ ಕೊಳವೆ ನಾಲ್ಕು ಪಟ್ಟು ಉದ್ದವಾಗಬೇಕು. ಇಲ್ಲವೇ ತಟ್ಟೆಗಳನ್ನು ತೆಳ್ಳಗೆ ಮಾಡುವ ಉಪಾಯ ಹುಡುಕಬೇಕು. ಇಂದು ಪ್ರಯೋಗಾಲಯಗಳಲ್ಲಿ ಸುರುಳಿ ಸುತ್ತಿ ಇಟ್ಟಿರುವ 30 ಮೀಟರ್ ಉದ್ದದ ಕೂದಲೆಳೆಯಂಥ ಕೊಳವೆಯಲ್ಲಿ ಸುಮಾರು ಒಂದು ಲಕ್ಷ ತಟ್ಟೆಗಳಿವೆ ಎನ್ನುತ್ತಾರೆ. ಒಂದೂ ಕಣ್ಣಿಗೆ ಕಾಣದು.

ಅದೇ ಪ್ರಬಂಧದಲ್ಲಿ, ಹರಿಯುವುದು ದ್ರವವೇ ಆಗಬೇಕಿಲ್ಲ, ಅನಿಲವಾದರೂ ನಡೆದೀತು ಎಂಬ ಸೂಚನೆಯೂ ಇತ್ತು. ಹತ್ತು ವರ್ಷ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಕಾದು ಕಾದು ಮಾರ್ಟಿನ್ ಅವರೇ, ಜೇಮ್ಸ್ ಎಂಬ ಸಹೋದ್ಯೋಗಿಯೊಂದಿಗೆ, ಮಾಡಿ ತೋರಿಸಿದರು. ಆ ಪ್ರಬಂಧ ಬಂದದ್ದು 1952ರಲ್ಲಿ. ಮಾರ್ಟಿನ್ ಮತ್ತು ಸಿಂಜ್‌ಗೆ ನೊಬೆಲ್ ಬಂದದ್ದೂ ಅದೇ ವರ್ಷ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆ. ವಿ. ಗಿರಿ ಮತ್ತು ಎನ್. ಎ. ಎನ್. ರಾವ್ ವೃತ್ತಾಕಾರದ ಕಾಗದದ ಮೇಲೆ ಅಮೈನೊ ಆಮ್ಲಗಳನ್ನು ಉಂಗುರ ಉಂಗುರವಾಗಿ ಬಿಡಿಸುವ ತಮ್ಮ ವಿಧಾನವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದೂ 1952ರಲ್ಲೇ. ದೊಡ್ಡ ಗಾಜಿನ ಪೆಟ್ಟಿಗೆ ಬೇಡ, ರಾತ್ರಿಯಿಡೀ ಕಾಯುವುದೂ ಬೇಡ. ಹಣವಿಲ್ಲದ ಪ್ರಯೋಗಾಲಯಗಳಿಗೆ ಹೇಳಿ ಮಾಡಿಸಿದ ವಿಧಾನ ಅದು. ಮೆಕ್‌ಬೇನ್ ಪುಣೆ ಬಿಟ್ಟದ್ದೂ ಅದೇ ವರ್ಷ.

ಮಾರ್ಟಿನ್‌ನ ಲೆಕ್ಕ ‘ವೇಗ ಎಷ್ಟಿರಬೇಕು’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಿಲ್ಲ. ಅದನ್ನು 1956ರಲ್ಲಿ ಹಾಲೆಂಡಿನ ಫಾನ್ ಡೀಮ್ಟರ್ ಮತ್ತು ಸಂಗಡಿಗರು ಕೊಟ್ಟರು. ತೀರ ನಿಧಾನವಾಗಿ ಹರಿಸಿದರೆ ಅಣುಗಳು ಅತ್ತಿತ್ತ ಅಲೆದು ಚದುರುತ್ತವೆ. ತೀರ ವೇಗವಾಗಿ ಹರಿಸಿದರೆ ಅಂಟಲು ಪುರಸೊತ್ತಿಲ್ಲ. ನಡುವೆ ಎಲ್ಲೋ ಒಂದು ಒಳ್ಳೆಯ ವೇಗವಿದೆ, ಸೂತ್ರಕ್ಕೆ ಅಂಕಿ ಹಾಕಿದರೆ ಸಿಗುತ್ತದೆ.

ಇಷ್ಟೆಲ್ಲ ಆದದ್ದು ಪರೀಕ್ಷೆಯ ಕೊಳವೆಗೆ. ಅಲ್ಲಿ ಒಂದು ಹನಿಯ ಸಾವಿರದ ಒಂದು ಪಾಲು ಹಾಕುತ್ತಾರೆ, ಏನೇನಿದೆ ಎಂದು ತಿಳಿದರೆ ಸಾಕು. ಕಾರ್ಖಾನೆಯ ಕಥೆ ಬೇರೆ. ಅಲ್ಲಿ ಬೇರೆ ಮಾಡಿದ್ದನ್ನು ಮಾರಬೇಕು. ಕೊಳವೆಗೆ ಸಾಧ್ಯವಾದಷ್ಟೂ ಸುರಿಯುತ್ತಾರೆ. ಜಾತ್ರೆಗೆ ಜನ ಹೆಚ್ಚಾದರೆ ಏನಾಗುತ್ತದೆ? ಅಂಗಡಿಗಳ ಮುಂದೆ ಜಾಗವೇ ಇಲ್ಲ. ನಿಲ್ಲಬೇಕೆಂದು ಬಂದವರೂ ತಳ್ಳಿಸಿಕೊಂಡು ಮುಂದೆ ಹೋಗುತ್ತಾರೆ. ಗುಂಪಿನ ನಡುವಿನವರು ಮುಂದಿನವರನ್ನು ಹಿಡಿದುಬಿಡುತ್ತಾರೆ, ಮುಂಭಾಗ ಗೋಡೆಯಂತೆ ಕಡಿದಾಗುತ್ತದೆ, ಹಿಂಭಾಗ ಬಾಲದಂತೆ ಉದ್ದವಾಗುತ್ತದೆ. ತಟ್ಟೆಯ ಸರಳ ಲೆಕ್ಕ ಇಲ್ಲಿ ಕೈಕೊಡುತ್ತದೆ. 1940ರಲ್ಲಿ ವಿಲ್ಸನ್, 1943ರಲ್ಲಿ ಡಿವಾಲ್ಟ್ ಎಂಬ ಅಮೆರಿಕನ್ನರು ಈ ಕಡಿದಾದ ಮುಂಭಾಗದ ಗಣಿತ ಬರೆದರು. 1955ರಲ್ಲಿ ಲೈಟ್‌ಹಿಲ್ ಮತ್ತು ವಿಥಮ್ ರಸ್ತೆಯ ವಾಹನದಟ್ಟಣೆಗೆ ಬರೆದ ಗಣಿತವೂ ಇದೇ ಜಾತಿಯದು. ಸಂಜೆ ಆರಕ್ಕೆ ವಿದ್ಯಾಪೀಠ ವೃತ್ತದಲ್ಲಿ ಸ್ಕೂಟರ್ ಮೇಲೆ ಕೂತು ಕಾಯುವಾಗ, ಎನ್‌ಸಿಎಲ್‌ನ ಪಕ್ಕದಲ್ಲೇ ಕ್ರೊಮೆಟೊಗ್ರಫಿಯ ಸಮೀಕರಣವೊಂದು ಕಣ್ಣೆದುರು ನಿಂತಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸಮೀಕರಣ ಗೊತ್ತಿದ್ದರೆ ಬೇಗ ಮನೆ ಸೇರಬಹುದು ಎಂದೇನಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. 1944ರಲ್ಲಿ ಥಾಮಸ್ ಎಂಬವರು ಹರಿಯುವ ದ್ರವದಿಂದ ಹೀರಿಕೊಳ್ಳುವ ಕೊಳವೆಗೆ ಒಂದು ಸೂತ್ರ ಕೊಟ್ಟರು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಬಂಧಗಳಲ್ಲಿ ಆ ಸೂತ್ರಕ್ಕೆ ಬಿಡುವೇ ಇಲ್ಲ: ತೆಂಗಿನ ನಾರಿನ ಇದ್ದಿಲು, ಬೇವಿನ ತೊಗಟೆ, ನೀರಿನ ಫ್ಲೋರೈಡ್, ಬಣ್ಣದ ನೀರು, ಎಲ್ಲಕ್ಕೂ ಥಾಮಸ್. ಅಳೆದ ಚುಕ್ಕಿಗಳ ಮೇಲೆ ಗೆರೆ ಕೂತರೆ ಸಾಕು, ಪ್ರಬಂಧ ಮುಗಿಯಿತು. ಆದರೆ ಮುಗಿದ ಪ್ರಯೋಗದ ಮೇಲೆ ಗೆರೆ ಎಳೆಯುವುದು ಬೇರೆ, ನಾಳೆ ಕೊಳವೆಯ ಅಗಲ ಎರಡು ಪಟ್ಟಾದರೆ ಏನಾಗುತ್ತದೆ ಎಂದು ಇಂದೇ ಹೇಳುವುದು ಬೇರೆ. ಮೊದಲನೆಯದರಲ್ಲಿ ಸೂತ್ರ ಸೋಲುವ ಅವಕಾಶವೇ ಕಡಿಮೆ. ಮಾರ್ಟಿನ್‌ನ ತಟ್ಟೆ ಕಲ್ಪನೆಯೇ ಆಗಿದ್ದರೂ ಸೋಲಲು ಸಿದ್ಧವಿದ್ದ ಕಲ್ಪನೆ.

ಮುಂದಿನ ದೊಡ್ಡ ಹೆಜ್ಜೆಗೆ ನಮ್ಮ ಮೈಮೇಲಿನ ಬಟ್ಟೆಯೇ ಕಾರಣ. ಪಾಲಿಯೆಸ್ಟರ್ ನೂಲಿಗೆ ಪ್ಯಾರಾ ಜೈಲೀನ್ ಬೇಕು. ಪೆಟ್ರೋಲಿಯಂನಿಂದ ಬರುವ ಜೈಲೀನ್‌ನಲ್ಲಿ ಮೂವರು ಅಣ್ಣತಮ್ಮಂದಿರು ಒಟ್ಟಿಗಿರುತ್ತಾರೆ: ಆರ್ಥೊ, ಮೆಟಾ, ಪ್ಯಾರಾ. ಒಂದೇ ಅಣುಸೂತ್ರ, ಆಕಾರ ಮಾತ್ರ ಬೇರೆ. ಪ್ಯಾರಾ ಕುದಿಯುವುದು 138.4 ಡಿಗ್ರಿಗೆ, ಮೆಟಾ 139.1ಕ್ಕೆ. ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲದ ಇವರನ್ನು ಭಟ್ಟಿ ಇಳಿಸಿ ಬೇರೆ ಮಾಡುವ ಆಸೆ ಬಿಡಬೇಕು. ಪ್ಯಾರಾ 13 ಡಿಗ್ರಿಯಲ್ಲೇ ಹೆಪ್ಪುಗಟ್ಟುವುದರಿಂದ ಮಿಶ್ರಣವನ್ನು ತಣ್ಣಗೆ ಮಾಡಿ ಹರಳು ಬರಿಸಬಹುದು. ಹಾಗೆ ಮಾಡಿದರೆ ಇರುವುದರಲ್ಲಿ ಸುಮಾರು 60ರಿಂದ 65 ಶೇಕಡ ಸಿಗುತ್ತದೆ. ಆಮೇಲೆ ಉಳಿದವರೂ ಜೊತೆಗೇ ಹೆಪ್ಪುಗಟ್ಟತೊಡಗುತ್ತಾರೆ.

ಜಿಯೊಲೈಟ್ ಪ್ಯಾರಾವನ್ನು ಹೆಚ್ಚು ಹಿಡಿಯುತ್ತದೆ. ಆದರೆ ಒಂದು ಸಲ ಸುರಿದು, ತೊಳೆದು, ಮತ್ತೆ ಸುರಿಯುವ ಕೊಳವೆಯಿಂದ ಲಕ್ಷಗಟ್ಟಲೆ ಟನ್ ಮಾಡಲು ಕಟ್ಟೀತೇ? ಮತ್ತೆ ರಥಬೀದಿಗೆ ಹೋಗೋಣ. ಬೀದಿಯೇ ಹಿಂದಕ್ಕೆ ಚಲಿಸುವಂತಿದ್ದರೆ? ಅದರ ವೇಗ ಎರಡು ಗುಂಪುಗಳ ವೇಗದ ನಡುವೆ ಇದ್ದರೆ, ಬಸ್ ಹಿಡಿಯುವವರು ಮುಂದಿನ ಬಾಗಿಲಿನಿಂದ, ಮಕ್ಕಳೊಂದಿಗರು ಹಿಂದಿನ ಬಾಗಿಲಿನಿಂದ ಹೊರಬೀಳುತ್ತಾರೆ. ನಡುವಿನಿಂದ ಹೊಸಬರನ್ನು ನಿಲ್ಲಿಸದೆ ಒಳಗೆ ಬಿಡುತ್ತಲೇ ಇರಬಹುದು. ತೊಂದರೆಯೆಂದರೆ, ಪುಡಿಯನ್ನು ಓಡಿಸಿದರೆ ಕಾಳುಗಳು ಒಂದಕ್ಕೊಂದು ಉಜ್ಜಿ ಹಿಟ್ಟಾಗುತ್ತವೆ. ಅಮೆರಿಕದ ಯುಒಪಿ ಕಂಪನಿಯ ಬ್ರಾಟನ್ ಮತ್ತು ಗೆರ್ಹೋಲ್ಡ್ 1961ರಲ್ಲಿ ಪೇಟೆಂಟ್ ಪಡೆದ ಉಪಾಯ: ಬೀದಿ ಇದ್ದಲ್ಲೇ ಇರಲಿ, ಬಾಗಿಲುಗಳನ್ನು ಸರಿಸೋಣ. ಪುಡಿ ತುಂಬಿದ ಹಾಸುಗಳನ್ನು ವೃತ್ತದಂತೆ ಜೋಡಿಸಿ, ದ್ರವ ಒಳಬರುವ ಹೊರಹೋಗುವ ಜಾಗಗಳನ್ನು ಒಂದು ತಿರುಗುವ ಕವಾಟ ಕಾಲಕಾಲಕ್ಕೆ ಒಂದೊಂದು ಹಾಸು ಮುಂದಕ್ಕೆ ಹಾಕುತ್ತದೆ. ಪುಡಿಯ ದೃಷ್ಟಿಯಲ್ಲಿ ಏನೂ ಕದಲಿಲ್ಲ, ಬಾಗಿಲಿನ ದೃಷ್ಟಿಯಲ್ಲಿ ಪುಡಿ ಹಿಂದಕ್ಕೆ ಓಡುತ್ತಿದೆ. ಜೈಲೀನ್‌ಗೆಂದು ಮಾಡಿದ ಇದರ ರೂಪ, ಪ್ಯಾರೆಕ್ಸ್, 1971ರಲ್ಲಿ ಕಾರ್ಖಾನೆಗೆ ಬಂತು. ಅದರಲ್ಲಿ 24 ಹಾಸುಗಳು. ಲೀಡ್ಸ್‌ನಲ್ಲಿ ಎರಡು ಓಟಗಳಲ್ಲಿ ಒಂದನ್ನು ನಿಲ್ಲಿಸಿ ಗೆದ್ದರು. ಇಲ್ಲಿ ನಿಂತದ್ದನ್ನು ಓಡುತ್ತಿದೆ ಎನ್ನಿಸಿ ಗೆದ್ದರು.

ಕವಾಟ ಯಾವಾಗ ತಿರುಗಬೇಕು, ಯಾವ ಬಾಗಿಲಲ್ಲಿ ಎಷ್ಟು ಹರಿಯಬೇಕು? ಐದಾರು ಗುಬುಟುಗಳಿರುವ ಈ ಯಂತ್ರವನ್ನು ಕೈಯಂದಾಜಿನಲ್ಲಿ ಹದಕ್ಕೆ ತರುವುದು ಕಷ್ಟ. ಒಂದನ್ನು ಮುಟ್ಟಿದರೆ ಪರಿಣಾಮ ಕಾಣಲು ಗಂಟೆಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಹಾಳಾದ ಮಾಲು ಟ್ಯಾಂಕ್ ಸೇರಿರುತ್ತದೆ. 1993ರಲ್ಲಿ ಸ್ಟೋರ್ಟಿ, ಮಾಟ್ಸೋಟಿ, ಮೋರ್ಬಿಡೆಲ್ಲಿ ಮತ್ತು ಕರ್ರಾ ಎಂಬ ಇಟಲಿಯವರು ಇದನ್ನು ಒಂದು ಕಾಗದದ ಮೇಲೆ ತಂದರು. ಮುಖ್ಯವಾದ ಎರಡು ಹರಿವಿನ ಅನುಪಾತಗಳನ್ನು ಅಡ್ಡ ಮತ್ತು ಉದ್ದ ಅಕ್ಷಗಳಲ್ಲಿಟ್ಟು ಗೆರೆ ಎಳೆದರೆ ಒಂದು ತ್ರಿಕೋನ ಬರುತ್ತದೆ. ಅದರ ಒಳಗೆ ಎಲ್ಲಿ ನಿಂತರೂ ಎರಡೂ ಮಾಲು ಶುದ್ಧ. ಹೊರಗೆ ಹೆಜ್ಜೆಯಿಟ್ಟರೆ ಒಂದಾದರೂ ಕೆಟ್ಟಿತು. ಅತಿ ಹೆಚ್ಚು ಉತ್ಪಾದನೆ ತ್ರಿಕೋನದ ತುದಿಯಲ್ಲಿ. ಆದರೆ ಆ ತುದಿಯಲ್ಲಿ ನಿಂತವನಿಗೆ ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ: ಪಂಪು ಅರ್ಧ ಶೇಕಡ ಆಚೀಚೆ ಆದರೂ, ಪುಡಿ ಸ್ವಲ್ಪ ಹಳತಾದರೂ ಹೊರಗೆ ಬಿದ್ದ ಹಾಗೆಯೇ. ಮಿಶ್ರಣ ಗಟ್ಟಿಯಾದಷ್ಟೂ ತ್ರಿಕೋನ ಕುಗ್ಗಿ ಓರೆಯಾಗುತ್ತದೆ ಬೇರೆ. ಅದಕ್ಕೇ ಬುದ್ಧಿವಂತ ಇಂಜಿನಿಯರ್ ತುದಿಯನ್ನು ಲೆಕ್ಕ ಹಾಕಿ ತಿಳಿದುಕೊಂಡು, ಅಲ್ಲಿಂದ ಸ್ವಲ್ಪ ಒಳಗೆ ಬಂದು ನಿಲ್ಲುತ್ತಾನೆ. ಎಷ್ಟು ಒಳಗೆ ಎಂಬುದರಲ್ಲಿ ಅವನ ಅನುಭವವೂ ಕಂಪನಿಯ ಲಾಭವೂ ಇದೆ.

ಈಗ ಪುಣೆಗೆ ಹಿಂತಿರುಗೋಣ. 1954ರಲ್ಲಿ ಎನ್‌ಸಿಎಲ್ ಸೇರಿದ ಎಲ್. ಕೆ. ದೊರೈಸ್ವಾಮಿ ಹುಟ್ಟಿದ್ದು 1927ರಲ್ಲಿ, ಬೆಂಗಳೂರಿನಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮುಗಿಸಿ ಬಂದಿದ್ದರು. ರಿಯಾಕ್ಟರಿನೊಳಗೆ ಏನು ನಡೆಯುತ್ತದೆಂದು ಗಣಿತದಿಂದ ಹೇಳುವ ಒಂದು ಪರಂಪರೆಯನ್ನೇ ಅವರು ಅಲ್ಲಿ ಬೆಳೆಸಿದರು. 1978ರಿಂದ 1989ರವರೆಗೆ ನಿರ್ದೇಶಕರಾಗಿದ್ದರು. 1984ರಲ್ಲಿ ಮುಂಬಯಿಯ ಎಂ. ಎಂ. ಶರ್ಮ ಅವರೊಂದಿಗೆ ಬರೆದ ಎರಡು ಸಂಪುಟಗಳ ಪುಸ್ತಕ ಜಗತ್ತಿನ ಕೆಮಿಕಲ್ ಇಂಜಿನಿಯರುಗಳ ಕಪಾಟು ಸೇರಿತು. ಅವರ ಕಾಲದಲ್ಲೇ, 1980ರ ದಶಕದ ನಡುವೆ, ಎನ್‌ಸಿಎಲ್‌ನ ಜಿಯೊಲೈಟ್ ಒಂದು ವಡೋದರದ ಐಪಿಸಿಎಲ್ ಕಾರ್ಖಾನೆಯ ಜೈಲೀನ್ ಘಟಕಕ್ಕೆ ಹೋಯಿತು. ಹೆಸರು ಎನ್‌ಸಿಲೈಟ್. ಬಾಯಿಬಿಟ್ಟು ಹೇಳಿ ನೋಡಿ, ಎನ್‌ಸಿಎಲ್ ಕೇಳಿಸುತ್ತದೆ. ಪುಣೆಗೆ ಹೀಗೆ ಹೆಸರಿನಲ್ಲಿ ಹೆಸರು ಬಚ್ಚಿಡುವ ಅಭ್ಯಾಸವಿತ್ತು ಅನ್ನಿಸುತ್ತದೆ. ಪಕ್ಕದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಕನ್ನಡ ನಾಡಿನ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಕಂಡುಹಿಡಿದ ಶಿಲೀಂಧ್ರನಾಶಕ ಔಷಧಿಯ ಹೆಸರು ಹೆಮೈಸಿನ್. ಅದನ್ನು ತಯಾರಿಸುವ ಸೂಕ್ಷ್ಮಜೀವಿಯ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ.

ಎನ್‌ಸಿಲೈಟ್‌ನ ಕೆಲಸ ಬೇರ್ಪಡಿಸುವುದಲ್ಲ. ಪ್ಯಾರಾ ತೆಗೆದ ಮೇಲೆ ಉಳಿದ ಅಣ್ಣತಮ್ಮಂದಿರನ್ನು ಕಲಸಿ, ಮತ್ತೆ ಕಾಲು ಭಾಗದಷ್ಟು ಪ್ಯಾರಾ ಹುಟ್ಟುವಂತೆ ಮಾಡುವುದು. ಹುಟ್ಟಿದ್ದನ್ನು ಮತ್ತೆ ಬೇರ್ಪಡಿಸು, ಉಳಿದದ್ದನ್ನು ಮತ್ತೆ ಕಲಸು. ಇದೊಂದು ಚಕ್ರ. ನೂರು ಕಿಲೊ ಮಿಶ್ರಣದಲ್ಲಿ 24 ಕಿಲೊ ಪ್ಯಾರಾ ಇದೆ ಎಂದುಕೊಳ್ಳಿ. ಹರಳು ಬರಿಸಿದರೆ ಸುಮಾರು 15 ಕಿಲೊ ಸಿಗುತ್ತದೆ, 85 ಕಿಲೊ ಮತ್ತೆ ಸುತ್ತಬೇಕು. ಜಿಯೊಲೈಟ್ ಹಾಸಿನ ಬಾಗಿಲು ಸರಿಸುವ ವಿಧಾನದಲ್ಲಿ 23 ಕಿಲೊದಷ್ಟು ಸಿಗುತ್ತದೆ, 77 ಕಿಲೊ ಸುತ್ತಬೇಕು. ಅಂದರೆ ಒಂದು ಕಿಲೊ ಪ್ಯಾರಾಕ್ಕೆ ಮೊದಲನೆಯದರಲ್ಲಿ ಆರೂವರೆ ಕಿಲೊ ಮಿಶ್ರಣವನ್ನು ಕಾಯಿಸಿ, ತಣಿಸಿ, ಪಂಪು ಮಾಡಬೇಕು. ಎರಡನೆಯದರಲ್ಲಿ ನಾಲ್ಕೂಕಾಲು. ಕಲಸುವವನು ಎಷ್ಟೇ ಜಾಣನಾದರೂ, ಬೇರ್ಪಡಿಸುವವನು ಬಿಟ್ಟುಬಿಟ್ಟ ಪ್ಯಾರಾ ಅವನ ಬಳಿಗೇ ವಾಪಸು ಬಂದು ಅವನ ಜಾಗ ತಿನ್ನುತ್ತದೆ.

ನನಗೆ ಕಾಣುವ ವಿಚಿತ್ರ ಇದು: ‘ಸಾರ್ಪ್ಷನ್’ ಪದ ಮಾಡಿದವರೇ ಮೊದಲ ನಿರ್ದೇಶಕರಾಗಿದ್ದ ಪ್ರಯೋಗಾಲಯ, ಅಣುಗಳ ಜರಡಿಯಿಂದ ಹೆಸರು ಗಳಿಸಿದ್ದು ಈ ಚಕ್ರದ ಕಲಸುವ ಅರ್ಧದಲ್ಲಿ. ಇದಕ್ಕೆ ಕಾರಣ ಜಾಣತನದ ಕೊರತೆ ಅಲ್ಲ. ವೇಗವರ್ಧಕ ಎಂಬುದು ಚೀಲದಲ್ಲಿ ತುಂಬಿ ಕಳಿಸಬಹುದಾದ ಪದಾರ್ಥ. ಇರುವ ರಿಯಾಕ್ಟರಿನ ಹಳೆಯದನ್ನು ತೆಗೆದು ಹೊಸದನ್ನು ಸುರಿದು ಪರೀಕ್ಷಿಸಬಹುದು. ಬಾಗಿಲು ಸರಿಸುವ ಬೇರ್ಪಡಿಕೆ ಹಾಗಲ್ಲ: ಕವಾಟ, ಕೊಳವೆ, ಪುಡಿ, ಲೆಕ್ಕ ಎಲ್ಲವೂ ಒಂದೇ ಗಂಟು, ಮಾರುವವನು ಗಂಟನ್ನು ಬಿಚ್ಚಿ ಕೊಡುವುದಿಲ್ಲ. ಅದನ್ನು ಸ್ವಂತವಾಗಿ ಕಟ್ಟಬೇಕಾದರೆ ಮೊದಲ ಬಾರಿ ಸೋಲುವ ಖರ್ಚನ್ನು ಯಾರಾದರೂ ಹೊರಬೇಕು.

ಈಗ ಆ ಪ್ರಶ್ನೆ ಪುಣೆಗೆ ಬೇರೆ ಬಾಗಿಲಿನಿಂದ ಬಂದಿದೆ. ಲುಪಿನ್‌ನ ಜೈವಿಕ ಔಷಧ ವಿಭಾಗ, ಹಿಂಜವಡಿಯ ಜೆನ್ನೋವಾ, ಇಂಥ ಕಂಪನಿಗಳು ಇಲ್ಲಿ ಪ್ರೋಟೀನ್ ಔಷಧಿಗಳನ್ನು ತಯಾರಿಸುತ್ತವೆ. ಜೀವಕೋಶಗಳು ಬೆಳೆದ ಸಾರಿನಿಂದ ಬೇಕಾದ ಒಂದು ಪ್ರೋಟೀನನ್ನು ಬೇರ್ಪಡಿಸುವುದು ಕ್ರೊಮೆಟೊಗ್ರಫಿಯಿಂದಲೇ, ಮತ್ತು ತಯಾರಿಕೆಯ ಖರ್ಚಿನ ದೊಡ್ಡ ಪಾಲು ಅಲ್ಲಿಗೇ. ಪ್ರತಿಕಾಯಗಳ ಔಷಧಿಗಳಿಗೆ ಮೊದಲ ಹಂತದಲ್ಲಿ ಬಳಸುವ ಪ್ರೋಟೀನ್-ಎ ರಾಳದ ಬೆಲೆ ಲೀಟರಿಗೆ ಲಕ್ಷಗಳಲ್ಲಿ. ಈ ಉದ್ಯಮದಲ್ಲಿ ಕೊಳವೆ ಪೂರ್ತಿ ತುಂಬುವ ಮೊದಲೇ ಸುರಿಯುವುದನ್ನು ನಿಲ್ಲಿಸುವುದು ರೂಢಿ. ತುಂಬಿ ಹೊರಗೆ ಸೋರಿದರೆ ಸೋರಿದ್ದು ಔಷಧಿಯೇ, ಅದು ಚರಂಡಿಗೆ. ಬೇಗ ನಿಲ್ಲಿಸಿದರೆ ದುಬಾರಿ ರಾಳದ ಒಂದು ಪಾಲು ಕೆಲಸವಿಲ್ಲದೆ ಕೂತಿರುತ್ತದೆ, ಅದರ ಬಾಡಿಗೆ ರೋಗಿಯ ಬಿಲ್ಲಿಗೆ. ಎರಡು ಮೂರು ಕೊಳವೆಗಳನ್ನು ಸಾಲಾಗಿ ಜೋಡಿಸಿ, ಮೊದಲನೆಯದರಿಂದ ಸೋರಿದ್ದನ್ನು ಎರಡನೆಯದು ಹಿಡಿಯುವಂತೆ ಬಾಗಿಲು ಸರಿಸುತ್ತಾ ಹೋದರೆ ಎರಡು ನಷ್ಟವೂ ತಪ್ಪುತ್ತದೆ. ಅದು ಜೈಲೀನ್‌ನ ಯಂತ್ರದ ದಾಯಾದಿಯೇ. ಆದರೆ ರಾಳ ಪ್ರತಿ ತೊಳೆತಕ್ಕೂ ಸ್ವಲ್ಪ ಸವೆಯುತ್ತದೆ, ನೂರನೆಯ ಸುತ್ತಿನ ಕೊಳವೆ ಮೊದಲನೆಯ ಸುತ್ತಿನದ್ದಲ್ಲ. ಇಂದು ಎಷ್ಟು ನಿಮಿಷಕ್ಕೆ ನಿಲ್ಲಿಸಬೇಕು ಎಂಬ ಅಂಕಿ, ಕಳೆದ ವಾರದ್ದನ್ನೇ ನಕಲು ಮಾಡಿದರೆ ಸಿಗುವುದಿಲ್ಲ. ಕೊಳವೆಯ ತುದಿಯಲ್ಲಿರುವ ದೀಪದ ಕಣ್ಣು ಹೊರಬರುವ ಪ್ರೋಟೀನನ್ನು ಅಳೆಯುತ್ತದೆ, ಕಂಪ್ಯೂಟರು ಮತ್ತೆ ತಟ್ಟೆಗಳನ್ನು ಎಣಿಸುತ್ತದೆ, ಕವಾಟ ತಿರುಗುತ್ತದೆ.